ಕದಲದ ಗೆರೆ

ಪ್ಲ್ಯಾಟ್ ನದಿಯ ಆಚೆ ದಡದ ಆ ಊರಿನಲ್ಲಿ ಯಾರ ಪಿಸ್ತೂಲಿನ ಮೇಲೆ ಏನು ಕೂರಿಸಬೇಕಾದರೂ ಅದು ಓರ್ವಲ್ ಹ್ರುಸ್ಕನ ಮೇಜಿಗೇ ಬರಬೇಕಿತ್ತು. ನಲವತ್ತು ವರ್ಷ ಜೋಳದ ಉಗ್ರಾಣದಲ್ಲಿ ಯಂತ್ರ ರಿಪೇರಿ ಮಾಡಿ ನಿವೃತ್ತನಾದವನು ಅವನು. ಈಗ ಎಪ್ಪತ್ತೊಂದು. ಶೂಟಿಂಗ್ ಕ್ಲಬ್ಬಿನವರೆಲ್ಲ ಕೆಂಪು ಚುಕ್ಕೆಯ ಹುಚ್ಚು ಹಿಡಿಸಿಕೊಂಡಾಗ ಅವನು ಮೊದಲು ನಕ್ಕಿದ್ದ. "ಗುರಿ ಹಿಡಿಯೋಕೆ ಬ್ಯಾಟರಿ ಬೇಕಾ? ನಾಳೆ ಊಟ ಮಾಡೋಕೂ ಬ್ಯಾಟರಿ ಹಾಕ್ಕೊಳ್ಳಿ" ಎಂದಿದ್ದ. ನಕ್ಕವನೇ ಆಮೇಲೆ ಅದರ ಪಂಡಿತನಾದ.

ವಸ್ತು ಬಹಳ ಸಣ್ಣದು. ಪಿಸ್ತೂಲಿನ ಮೇಲ್ಭಾಗದಲ್ಲಿ ಕೂರುವ, ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಒಂದು ಗಾಜಿನ ಕಿಟಕಿ. ಅದರೊಳಗೆ ಕೆಂಪು ಚುಕ್ಕೆ ಹೊಳೆಯುತ್ತದೆ. ಚುಕ್ಕೆ ಎಲ್ಲಿದೆಯೋ ಗುಂಡು ಅಲ್ಲಿಗೆ. ಹಿಡಿದಿಡುವುದು ಎರಡೇ ಎರಡು ಸ್ಕ್ರೂ. ಆ ಎರಡು ಸ್ಕ್ರೂಗಳ ಮೇಲೆ ಓರ್ವಲ್ ತನ್ನ ಹೆಸರನ್ನೇ ಕಟ್ಟಿದ್ದ. ಎಣ್ಣೆ ಪಸೆ ಹೋಗುವ ಹಾಗೆ ಸ್ಪಿರಿಟ್ಟಿನಲ್ಲಿ ಒರೆಸುವುದು, ಸ್ಕ್ರೂ ಸಡಿಲಾಗದಂತೆ ಹಿಡಿಯುವ ನೀಲಿ ಅಂಟು ಒಂದು ಹನಿ, ಅಳತೆಗೆ ಬಂದೊಡನೆ ಟಕ್ ಎನ್ನುವ ಪಾನಾದಿಂದ ಬಿಗಿಯುವುದು. ಕೊನೆಗೆ ಸ್ಕ್ರೂ ತಲೆಯಿಂದ ಗಾಜಿನ ಚೌಕಟ್ಟಿನವರೆಗೆ ಗುಲಾಬಿ ಬಣ್ಣದ ಉಗುರುಬಣ್ಣದಲ್ಲಿ ಒಂದು ಗೆರೆ. ಸ್ಕ್ರೂ ಕೂದಲೆಳೆ ತಿರುಗಿದರೂ ಗೆರೆ ತುಂಡಾಗುತ್ತದೆ. ಕ್ಲಬ್ಬಿನಲ್ಲಿ ಯಾರದೇ ಗುರಿ ತಪ್ಪಲಿ, ಮೊದಲು ಗೆರೆ ನೋಡುತ್ತಿದ್ದರು. ಗೆರೆ ನೆಟ್ಟಗಿದ್ದರೆ ಮಾತು ಮುಗಿಯಿತು, ತಪ್ಪು ಹೊಡೆದವರದು.

ಓರ್ವಲ್ಲನ ಕಣ್ಣು ಮಂಜಾಗಿ ಎರಡು ವರ್ಷವಾಗಿತ್ತು. ಇದು ಯಾರಿಗೂ ಗೊತ್ತಿರಲಿಲ್ಲ. ಡಾಕ್ಟರು ಪೊರೆ ಬಂದಿದೆ, ತೆಗೆಸಿಕೊಳ್ಳಿ ಎಂದಿದ್ದರು. ತೆಗೆಸಿಕೊಂಡರೆ ಊರಿಗೆ ಗೊತ್ತಾಗುತ್ತದೆ, ಗೊತ್ತಾದರೆ ಅಷ್ಟು ದಿನ ಅವನು ಮಾಡಿದ ಕೆಲಸವನ್ನೆಲ್ಲ ಅನುಮಾನದಿಂದ ನೋಡುತ್ತಾರೆ ಎಂದು ಅವನು ಮುಂದೂಡುತ್ತ ಬಂದ. ಮರ್ಯಾದೆ ಕಾಪಾಡಿಕೊಳ್ಳಲು ಹೊರಟವರು ಮೊದಲು ಬುದ್ಧಿ ಕಳೆದುಕೊಳ್ಳುತ್ತಾರೆ.

ಮಾರ್ಲಾ ವಾನೆಕ್ ಆ ಬೇಸಿಗೆಯಲ್ಲಿ ಅವನ ಗ್ಯಾರೇಜಿಗೆ ಬಂದಳು. ಐವತ್ತನಾಲ್ಕು ವರ್ಷದ ಆಕೆ ಊರಿನ ಶಾಲೆಯ ಬಸ್ಸು ಓಡಿಸುತ್ತಾಳೆ. ಓರ್ವಲ್ಲನ ಗೆಳೆಯ ಎಡ್‌ನ ಮಗಳು. ಎಡ್ ತೀರಿಕೊಳ್ಳುವ ಮುಂಚೆ ಆರು ವರ್ಷ ಕೈ ನಡುಗುವ ಕಾಯಿಲೆಯಲ್ಲಿ ನರಳಿದ್ದ. ಅವನಿಗೆ ಸೂಪು ಕುಡಿಸಿದವರಲ್ಲಿ ಓರ್ವಲ್ಲನೂ ಒಬ್ಬ. ಅಪ್ಪನ ಉದ್ದನೆಯ ದೊಡ್ಡ ಪಿಸ್ತೂಲು ಈಗ ಮಗಳ ಪಾಲಿಗೆ ಬಂದಿತ್ತು, ಮೇಲೆ ಚುಕ್ಕೆ ಕೂರಲು ಆಗಲೇ ಗುಳಿ ಕೊರೆಸಿದ್ದಳು.

"ಚಿಕ್ಕ ಚುಕ್ಕೆನಾ, ದೊಡ್ಡದಾ? ನೀವೇ ಹೇಳಿ ಓರ್ವಲ್" ಎಂದು ಎರಡು ಡಬ್ಬಿ ಇಟ್ಟಳು.

ಅವನು ಮೊದಲನೆಯದನ್ನು ಕಣ್ಣೆದುರು ಹಿಡಿದ. ಚುಕ್ಕೆ ಕಾಣಲಿಲ್ಲ, ಜಜ್ಜಿದ ಹಿಪ್ಪುನೇರಳೆ ಹಣ್ಣಿನ ಹಾಗೆ ಏನೋ ಹರಡಿಕೊಂಡಿತ್ತು.

"ಈ ಮಾಲು ಸರಿಯಿಲ್ಲ ಕಣಮ್ಮ. ಚುಕ್ಕೆ ಒಡೆದುಹೋಗಿದೆ, ವಾಪಸ್ ಕಳಿಸು."

"ನಂಗೆ ದುಂಡಗೇ ಕಾಣ್ತಿದೆಯಲ್ಲ?"

"ನಿಂಗೇನು ಗೊತ್ತು? ನೂರು ಕೂರಿಸಿದೀನಿ ನಾನು."

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಚುಕ್ಕೆ ಒಡೆದು ಕಂಡರೆ ಫೋನಿನಲ್ಲಿ ಅದರ ಫೋಟೋ ತೆಗೆಯಿರಿ, ಫೋಟೋದಲ್ಲಿ ದುಂಡಗಿದ್ದರೆ ದೋಷ ನಿಮ್ಮ ಕಣ್ಣಿನದು ಎಂದು ಊರಿಗೆಲ್ಲ ಹೇಳಿಕೊಟ್ಟವನು ಅವನೇ. ಮಾರ್ಲಾ ಕಾರಿನಿಂದ ಪಿಸ್ತೂಲಿನ ಪೆಟ್ಟಿಗೆ ತರಲು ಹೋದಾಗ ಅವಳಿಗೆ ಬೆನ್ನು ಮಾಡಿ ಫೋಟೋ ತೆಗೆದ. ಪರದೆಯನ್ನು ಹಿಗ್ಗಿಸಿ ಮೂಗಿನ ಹತ್ತಿರ ಹಿಡಿದು ನೋಡಿದ. ಅಚ್ಚುಕಟ್ಟಾಗಿ ದುಂಡಗಿತ್ತು. ಆದರೂ ಬಾಯಿ ಬಿಡಲಿಲ್ಲ. ಒಳ್ಳೆಯ ಮಾಲು ಅಂಗಡಿಗೆ ವಾಪಸ್ಸು ಹೋಯಿತು, ದೊಡ್ಡ ಚುಕ್ಕೆಯದನ್ನು ಅವನು ಕೂರಿಸಿದ.

ಡಬ್ಬಿಯಲ್ಲಿ ಎರಡು ಜೊತೆ ಸ್ಕ್ರೂ ಇದ್ದವು. ಪಿಸ್ತೂಲಿಗೂ ಗಾಜಿಗೂ ನಡುವೆ ತಗಡಿದ್ದರೆ ಉದ್ದನೆಯವು, ನೇರವಾಗಿ ಗುಳಿಯಲ್ಲೇ ಕೂರಿಸುವುದಾದರೆ ಗಿಡ್ಡವು. ವ್ಯತ್ಯಾಸ ಒಂದು ಅಕ್ಕಿಕಾಳಿನ ಕಾಲು ಭಾಗ. ಓರ್ವಲ್ ಬೆರಳಲ್ಲಿ ಮುಟ್ಟಿ ಆರಿಸಿದ. ಪಾನಾ ಟಕ್ ಎಂದಿತು. ಗುಲಾಬಿ ಗೆರೆ ಎಳೆದ.

ಅಕ್ಟೋಬರಿನಲ್ಲಿ ಪಕ್ಕದ ಜಿಲ್ಲೆಯವರೊಂದಿಗೆ ವರ್ಷಕ್ಕೊಮ್ಮೆ ನಡೆಯುವ ಪಂದ್ಯ. ಮಾರ್ಲಾಳ ಗುಂಡುಗಳು ಒಂದು ಎಡಕ್ಕೆ, ಒಂದು ಮೇಲಕ್ಕೆ, ಇನ್ನೊಂದು ಹಲಗೆಯ ಹೊರಕ್ಕೆ. ಅವಳಿಂದಲೇ ತಂಡ ಸೋತಿತು. ಕ್ಲಬ್ಬಿನ ಮುಖ್ಯಸ್ಥ ಲೀಲಂಡ್ ಪಿಸ್ತೂಲು ಖಾಲಿ ಮಾಡಿಸಿ ಗೆರೆ ನೋಡಿದ.

"ಓರ್ವಲ್ ಎಳೆದ ಗೆರೆ ಇದ್ದಲ್ಲೇ ಇದೆ ಕಣೇ. ಕದಲಿರೋದು ನಿನ್ನ ಕೈ. ಬಸ್ಸಲ್ಲಿ ಮಕ್ಕಳು ಕೂಗಿ ಕೂಗಿ ನರ ಸಡಿಲ ಮಾಡಿಬಿಟ್ಟವಾ?" ಎಂದ. ಎಲ್ಲರೂ ನಕ್ಕರು. ಮಾರ್ಲಾಳೂ ನಕ್ಕಳು.

ಆಮೇಲೆ ಊಟಕ್ಕೆ ಸೂಪಿನ ಸಾಲಿನಲ್ಲಿ ನಿಂತಾಗ ಅವಳು ಓರ್ವಲ್ಲನ ಪಕ್ಕಕ್ಕೆ ಬಂದಳು. ಸ್ವರ ತಗ್ಗಿಸಿ ಕೇಳಿದಳು: "ನೀವು ನನ್ನ ಹಿಂದೇನೇ ನಿಂತಿದ್ರಿ. ನಿಜ ಹೇಳಿ, ನನ್ನ ಕೈ ನಡುಗ್ತಿತ್ತಾ? ಅಪ್ಪನ ಥರ?"

ಅವನು ಹತ್ತು ಅಡಿ ಹಿಂದೆ ನಿಂತಿದ್ದ. ಕಂಡದ್ದು ಅವಳ ಹಸಿರು ಕೋಟಿನ ಒಂದು ಮಬ್ಬು ರಾಶಿ. ಕಾಣಲಿಲ್ಲ ಎನ್ನಲು ಒಂದು ಮಾತು ಸಾಕಿತ್ತು. ಸುತ್ತ ಕ್ಲಬ್ಬಿನವರೆಲ್ಲ ಇದ್ದರು.

"ಹೂಂ, ಸ್ವಲ್ಪ ನಡುಗ್ತಿತ್ತು" ಎಂದ.

ಮೂರು ವಾರದ ಮೇಲೆ ಪಿಸ್ತೂಲು ಅವನ ಮೇಜಿಗೆ ವಾಪಸ್ಸು ಬಂತು. ಚುಕ್ಕೆ ಬಿಚ್ಚಿ ಎರಡನ್ನೂ ಬೇರೆ ಬೇರೆ ಮಾರಿಸಿಕೊಡಿ ಎಂದು ಮಾರ್ಲಾ ಚೀಟಿ ಇಟ್ಟಿದ್ದಳು. ಸೋಮವಾರ ಬಸ್ಸಿನ ಕೀಲಿಕೈಯನ್ನೂ ಶಾಲೆಗೆ ಕೊಟ್ಟುಬಿಡುತ್ತಾಳಂತೆ ಎಂದು ಪಿಸ್ತೂಲು ತಂದುಕೊಟ್ಟ ಲೀಲಂಡ್ ಹೇಳಿದ.

ಅಂದು ಶನಿವಾರ ಮಧ್ಯಾಹ್ನ. ಓರ್ವಲ್ ಪಿಸ್ತೂಲು ತೆರೆದು, ಗುಂಡಿಲ್ಲವೆಂದು ಕಿರುಬೆರಳು ತೂರಿಸಿ ಎರಡು ಸಲ ಖಚಿತ ಮಾಡಿಕೊಂಡ. ಗಾಜಿನ ಧೂಳು ಒರೆಸಲು ಹೆಬ್ಬೆರಳು ಒತ್ತಿದ. ಗಾಜು ಕದಲಿತು. ಎಷ್ಟೆಂದರೆ ಕಣ್ಣಿಗೆ ಯಾರಿಗೂ ಕಾಣದಷ್ಟು, ಬೆರಳಿಗೆ ಮಾತ್ರ ಗೊತ್ತಾಗುವಷ್ಟು. ಭೂತಗನ್ನಡಿ ಹಿಡಿದು ನೋಡಿದ; ಗುಲಾಬಿ ಗೆರೆ ನೆಟ್ಟಗೇ ಇತ್ತು.

ಸ್ಕ್ರೂ ಬಿಚ್ಚಿದಾಗ ಎಲ್ಲ ತಿಳಿಯಿತು. ಅವು ಉದ್ದನೆಯವು. ತೂತಿನ ತಳಕ್ಕೆ ತುದಿ ತಾಗಿ ಅಲ್ಲೇ ಬಿಗಿದು ನಿಂತಿದ್ದವು. ಪಾನಾ ಟಕ್ ಎಂದದ್ದು ತಳ ಮುಟ್ಟಿದ್ದಕ್ಕೆ, ಗಾಜನ್ನು ಹಿಡಿದದ್ದಕ್ಕಲ್ಲ. ಸ್ಕ್ರೂ ಒಂದಿಷ್ಟೂ ತಿರುಗಿರಲಿಲ್ಲ. ಹೊಡೆದ ಒಂದೊಂದು ಗುಂಡಿಗೂ ಗಾಜು ಮಾತ್ರ ತನ್ನಿಷ್ಟಕ್ಕೆ ಸರಿದಾಡಿತ್ತು. ಅವನು ಎಳೆದ ಗೆರೆ ಮೂರು ವಾರದಿಂದ ಮಾರ್ಲಾಳ ವಿರುದ್ಧ ಸಾಕ್ಷಿ ಹೇಳುತ್ತಿತ್ತು.

ಅಲ್ಲೇ ಸ್ಟೂಲಿನ ಮೇಲೆ ಕುಸಿದು ಕೂತ. ತಪ್ಪು ಸ್ಕ್ರೂ ಹಾಕಿದ್ದನ್ನು ಹೇಗಾದರೂ ನುಂಗಿಕೊಳ್ಳಬಹುದಿತ್ತು. ಯಂತ್ರದ ಕೆಲಸದಲ್ಲಿ ಯಾರೂ ಎಡವದೆ ಇಲ್ಲ. ಆದರೆ ಆ 'ಹೂಂ' ಗಂಟಲಿನಿಂದ ಇಳಿಯಲಿಲ್ಲ.

ಈಗ ಅವನು ಮಾಡಿದ ಕೆಲಸ ಇನ್ನೂ ಸಣ್ಣತನದ್ದು. ಗಿಡ್ಡ ಸ್ಕ್ರೂ ಹಾಕಿ ಬಿಗಿದ. ಗಾಜನ್ನು ಎರಡೂ ಹೆಬ್ಬೆರಳಲ್ಲಿ ದಬ್ಬಿ ನೋಡಿದ, ಬಂಡೆ. ಹಳೆಯ ಗೆರೆ ಕೆರೆದು ಹೊಸದು ಎಳೆದ. ಏನೂ ಹೇಳದೆ ಕೊಟ್ಟು, ಇನ್ನೊಮ್ಮೆ ಹೊಡೆದು ನೋಡು ಎನ್ನೋಣ. ಗುರಿ ಕೂತರೆ ಅವಳ ಭಯ ಹೋಗುತ್ತದೆ, ತನ್ನ ಹೆಸರೂ ಉಳಿಯುತ್ತದೆ. ಹೀಗೆ ಲೆಕ್ಕ ಹಾಕಿ, ರಸ್ತೆಯ ಬಿಳಿ ಅಂಚನ್ನು ನಂಬಿ, ಟ್ರಕ್ಕನ್ನು ಆಮೆಯಂತೆ ಓಡಿಸಿಕೊಂಡು ಅವಳ ಮನೆಗೆ ಹೋದ.

ಮಾರ್ಲಾ ಅಡುಗೆಮನೆಯಲ್ಲಿ ಗಸಗಸೆ ತುಂಬಿದ ಕೊಲಾಚೆ ಎಂಬ ಸಿಹಿ ಬನ್ನು ಬೇಯಿಸುತ್ತಿದ್ದಳು. ಕಾಫಿ ಬಗ್ಗಿಸಿದಳು. ತನ್ನ ಬಟ್ಟಲನ್ನು ಅರ್ಧ ಮಾತ್ರ ತುಂಬಿಸಿಕೊಂಡಳು. ಎಡ್‌ಗೂ ಹಾಗೇ ಅರ್ಧ ತುಂಬಿಸಿ ಕೊಡುತ್ತಿದ್ದರು, ಚೆಲ್ಲಬಾರದೆಂದು.

"ಒಂಚೂರು ಸರಿ ಮಾಡಿದೀನಿ" ಎಂದು ಅವನು ಪೆಟ್ಟಿಗೆಯನ್ನು ಮುಂದಕ್ಕೆ ತಳ್ಳಿದ. "ಮಾರೋದು ಬೇಡ. ನಾಳೆ ಬಂದು ಇನ್ನೊಂದ್ಸಲ ಹೊಡೆದು ನೋಡು."

"ಬೇಡ ಓರ್ವಲ್."

"ಒಂದೇ ಸಲ."

"ಹೊಡೆದು ಏನು ನೋಡ್ಲಿ? ನನ್ನ ಬಸ್ಸಲ್ಲಿ ಮೂವತ್ತೆಂಟು ಮಕ್ಕಳು ಕೂರ್ತಾರೆ. ಡಾಕ್ಟರು ಸದ್ಯಕ್ಕೇನೂ ಕಾಣಲ್ಲ ಅಂದ್ರು. ಅಪ್ಪಂಗೂ ಮೊದಲು ಹಾಗೇ ಅಂದಿದ್ರು. ಅದಕ್ಕಿಂತ, ನೀವೇ ಕಣ್ಣಾರೆ ನೋಡಿದೀರಲ್ಲ. ಲೀಲಂಡ್ ಹೇಳಿದ್ರೆ ತಮಾಷೆ ಅಂತ ಬಿಡ್ತಿದ್ದೆ. ನೀವು ಅಪ್ಪನ್ನ ಆರು ವರ್ಷ ನೋಡಿದೋರು."

ಓರ್ವಲ್ ಬಾಗಿಲ ಕಡೆ ನೋಡಿದ. ಎದ್ದು ಹೋಗಿಬಿಡಬಹುದಿತ್ತು. ಕೋಟಿನ ಜೇಬಿನಿಂದ ಆ ಎರಡು ಉದ್ದ ಸ್ಕ್ರೂ ತೆಗೆದು ಮೇಜಿನ ಮೇಲಿಟ್ಟ.

"ತಪ್ಪು ಸ್ಕ್ರೂ ಹಾಕಿದ್ದೆ ಕಣಮ್ಮ. ಉದ್ದದ್ದು. ಗಾಜು ಸಡಿಲವಾಗೇ ಇತ್ತು. ನಿನ್ನ ಗುರಿ ತಪ್ಪಿದ್ದು ನನ್ನಿಂದ."

ಮಾರ್ಲಾ ಸ್ಕ್ರೂಗಳನ್ನು ನೋಡಿದಳು. "ಗೆರೆ?"

"ಗೆರೆ ಸುಳ್ಳು ಹೇಳ್ತು."

"ಸರಿ, ಗೆರೆ ಸುಳ್ಳು ಹೇಳ್ತು. ನೀವು? ನಡುಗಿದ್ದನ್ನ ನೋಡಿದೆ ಅಂದ್ರಲ್ಲ."

ಅವಳು ಬಲಗೈಯನ್ನು ಮೇಜಿನ ಆಚೆಯಿಂದ ಅವನ ಮುಖದ ಮುಂದೆ ಚಾಚಿದಳು. "ಈಗ ನೋಡಿ ಹೇಳಿ. ನಡುಗ್ತಿದೆಯಾ?"

ಅವನ ಮುಂದೆ ಹಿಟ್ಟು ಮೆತ್ತಿದ ಬೆಳ್ಳನೆಯ ಏನೋ ಒಂದು ತೇಲುತ್ತಿತ್ತು.

"ನಂಗೆ ಕಾಣಲ್ಲ ಮಾರ್ಲಾ. ಅವತ್ತೂ ಕಂಡಿರಲಿಲ್ಲ. ಎರಡು ವರ್ಷದಿಂದ ಪೊರೆ ಇದೆ. ಹೇಳಿಕೊಳ್ಳೋಕೆ ನಾಚಿಕೆಯಾಯ್ತು."

ಒಲೆಯೊಳಗೆ ಕೊಲಾಚೆ ಸೀಯುವ ವಾಸನೆ ಬಂತು. ಇಬ್ಬರೂ ಏಳಲಿಲ್ಲ.

"ಮೂರು ವಾರ" ಎಂದಳು ಕೊನೆಗೆ. "ದಿನಾ ಬೆಳಗ್ಗೆ ಎದ್ದ ತಕ್ಷಣ ಕೈ ಎತ್ತಿ ನೋಡ್ಕೊಂಡಿದೀನಿ. ನಿಮಗೆ ನಾಚಿಕೆಯಾಯ್ತು ಅಂತ."

"ಹೌದು."

"ಲೀಲಂಡ್‌ಗೆ ಹೇಳ್ತೀರಾ? ಎಲ್ಲರ ಮುಂದೆ?"

"ನಾಳೆ ಬೆಳಗ್ಗೆ, ಕ್ಲಬ್ಬಿನ ತಿಂಡಿ ಹೊತ್ತಿಗೆ. ಎರಡು ವರ್ಷದಲ್ಲಿ ಕೂರಿಸಿದ್ದನ್ನೆಲ್ಲ ವಾಪಸ್ ತನ್ನಿ ಅಂತೀನಿ. ಬೇರೆ ಯಾರಾದ್ರೂ ನೋಡ್ಲಿ."

ಅವಳು ತಲೆಯಾಡಿಸಿದಳು. ಆಮೇಲೆ ಏನೋ ಹೊಳೆದವಳಂತೆ ಕಿಟಕಿಯಾಚೆ ನಿಂತಿದ್ದ ಟ್ರಕ್ಕಿನ ಕಡೆ ತಿರುಗಿದಳು. "ಇಲ್ಲಿಗೆ ಹೇಗೆ ಬಂದ್ರಿ?"

"ಓಡಿಸ್ಕೊಂಡು. ರಸ್ತೆ ಗೊತ್ತಲ್ಲ."

"ಅದೇ ರಸ್ತೇಲಿ ದಿನಾ ನಾನು ಬಸ್ ನಿಲ್ಲಿಸೋದು ಓರ್ವಲ್. ಅದೇ ರಸ್ತೆ ದಾಟ್ಕೊಂಡು ಮಕ್ಕಳು ಬರೋದು."

ಇದು ಅವನಿಗೆ ಒಮ್ಮೆಯೂ ಹೊಳೆದಿರಲಿಲ್ಲ. ಎರಡು ವರ್ಷ ಅವನು ಕಾಪಾಡಿಕೊಂಡದ್ದು ತನ್ನ ಹೆಸರನ್ನು ಮಾತ್ರ.

ಮಾರ್ಲಾ ಕೈ ಮತ್ತೆ ಚಾಚಿದಳು, ಈ ಸಲ ಅಂಗೈ ಮೇಲಾಗಿ. "ಕೀಲಿಕೈ ಕೊಡಿ. ಮನೇಗೆ ನಾನು ಬಿಡ್ತೀನಿ."

ಅವನು ಜೇಬು ತಡಕಿ ಟ್ರಕ್ಕಿನ ಕೀಲಿಕೈ ತೆಗೆದ. ಅವಳ ಅಂಗೈ ಎಲ್ಲಿದೆಯೆಂದು ಬೆರಳಿನಿಂದ ಹುಡುಕಿ ಅದರಲ್ಲಿಟ್ಟ. ಬೆರಳಿಗೆ ಎಲ್ಲ ಗೊತ್ತಾಯಿತು. ಅವಳ ಕೈ ಒಂದಿಷ್ಟೂ ಅಲುಗುತ್ತಿರಲಿಲ್ಲ. ಕೀಲಿಕೈ ಗಲಗಲ ಎನ್ನುತ್ತಿದ್ದದ್ದು ಅವನ ಕೈಯಿಂದ.