ಗುಲ್‌ಮೊಹರ್ ಮರಕ್ಕೆ ಕಟ್ಟಿದ ಕಟ್ಟೆ

ನಾನು ನಿಮ್ಮಷ್ಟೇ ಚಿಕ್ಕವನಿದ್ದಾಗ ನಮ್ಮ ಹೋಟೆಲಿನ ಮುಂದೆ ಒಂದು ಗುಲ್‌ಮೊಹರ್ ಮರ ಇತ್ತು. ಅದು ಬಿದ್ದ ದಿನವೇ ನಿಮ್ಮ ಅಮ್ಮನ ಕಾಲು ಹೋದದ್ದು. ನಿಮ್ಮ ಅಮ್ಮ ಅಂದರೆ ನನ್ನ ಅಕ್ಕ. ಗಾಳಿ ಬಂತು, ಮರ ಬಿತ್ತು ಎಂದು ಅವಳು ನಿಮಗೆ ಹೇಳಿದ್ದಾಳೆ. ಅಷ್ಟೇ ಅಲ್ಲ. ಮರ ಬೀಳುವಂತೆ ಮಾಡಿದ್ದು ನಾವೇ.

ಹೋಟೆಲು ಈ ಬಂಗಾಳಿ ಊರಿನ ಲೇಕ್ ಮಾರ್ಕೆಟ್ ಹತ್ತಿರ, ನಾಲ್ಕೇ ಮೇಜು. ಮರದ ನೆರಳು ಮಾತ್ರ ಮೂರು ಅಂಗಡಿಗೆ ಸಾಕಾಗುವಷ್ಟಿತ್ತು. ಅಪ್ಪ ಉಡುಪಿ ಕಡೆಯವರು. ಅಲ್ಲಿ ದೊಡ್ಡ ಮರ ಅಂದರೆ ಸುತ್ತ ಕಟ್ಟೆ ಇರಲೇಬೇಕು, ಜನ ಕೂರಲೇಬೇಕು. ಒಂದು ಚಳಿಗಾಲದಲ್ಲಿ ಅಪ್ಪ ಈ ಮರಕ್ಕೂ ಕಟ್ಟೆ ಕಟ್ಟಲು ಹೊರಟರು. ಪಾಯ ಅಗೆದರೆ ರಸ್ತೆಯ ಕಡೆ ನಾಲ್ಕು ಬೇರು ಅಡ್ಡ ಬಂದವು, ನನ್ನ ತೊಡೆಯಷ್ಟು ದಪ್ಪ. ಅಪ್ಪ ಕೊಡಲಿಯಿಂದ ಕಡಿದು ಹಾಕಿದರು. ತುಂಡುಗಳನ್ನು ಹೊತ್ತು ಹಿತ್ತಲಿಗೆ ಹಾಕಿದ್ದು ನಾನು. ಹಸಿ ಸೌತೆಕಾಯಿಯಂಥ ವಾಸನೆ ಇತ್ತು.

ಊರಿನ ಕಟ್ಟೆಯ ಒಳಗೆ ಮಣ್ಣು ಇರುತ್ತದೆ, ಆಚೆಗೆ ಬಯಲಿರುತ್ತದೆ. ನಮ್ಮ ಮರಕ್ಕೆ ಒಂದು ಕಡೆ ಮೋರಿ, ಇನ್ನೊಂದು ಕಡೆ ಡಾಂಬರು ರಸ್ತೆ. ಅದನ್ನು ಯಾರೂ ಯೋಚಿಸಲಿಲ್ಲ. ಕಾಂಡಕ್ಕೆ ತಾಗುವವರೆಗೆ ಸಿಮೆಂಟು ಬಳಿದು ಮೇಲೆ ಕೆಂಪು ಬಣ್ಣ ಹಚ್ಚಿದರು. ಚೆಂದ ಕಾಣುತ್ತಿತ್ತು. ಗಿರಾಕಿಗಳು ತಟ್ಟೆ ತೊಡೆಯ ಮೇಲಿಟ್ಟುಕೊಂಡು ಅಲ್ಲೇ ದೋಸೆ ತಿನ್ನುತ್ತಿದ್ದರು.

ಕಟ್ಟೆ ಕಟ್ಟಿದ ಮೇಲಿನ ಮೂರನೇ ಬೇಸಿಗೆ. ಆ ದಿನ ಬೆಳಿಗ್ಗೆಯಿಂದ ಒಂದು ಎಲೆಯೂ ಅಲ್ಲಾಡಿರಲಿಲ್ಲ. ಬೆವರು ಸೋರಿ ಅಂಗಿ ಬೆನ್ನಿಗೆ ಅಂಟಿತ್ತು. ನಮ್ಮ ಪಕ್ಕ ಫುಟ್‌ಪಾತಿನಲ್ಲಿ ಒಬ್ಬ ಮುದುಕ ಹೂಗಿಡ ಮಾರುತ್ತಿದ್ದ. ಬಂಗಾಳಿ ಮಕ್ಕಳು ತಾತನನ್ನು ಕರೆಯುವಂತೆ ನಾವೂ ಅವನನ್ನು ದಾದು ಎನ್ನುತ್ತಿದ್ದೆವು. ಕಟ್ಟೆಯಲ್ಲಿ ಬಿರುಕು ಬಿಟ್ಟಿದ್ದನ್ನು ಮೊದಲು ನೋಡಿದ್ದು ಅವನು. ನಾನು ಬೆರಳು ತೂರಿಸಿದೆ. ಒಳಗೆ ತಣ್ಣಗಿತ್ತು.

ದಾದು ಒಂದು ಗುಲಾಬಿ ಕುಂಡ ತಂದು ಅಪ್ಪನ ಎದುರೇ ಬೋರಲು ಹಾಕಿ ತಟ್ಟಿದ. ಗಿಡ ಬುಡಸಮೇತ ಈಚೆ ಬಂತು. ಬೇರು ಸುತ್ತಿ ಸುತ್ತಿ ಹಗ್ಗದ ಸಿಂಬಿಯಂತಾಗಿತ್ತು.

"ನೋಡು ಅಣ್ಣಾ, ಮಣ್ಣೇ ಉಳಿದಿಲ್ಲ. ಇದಕ್ಕಾದರೆ ದೊಡ್ಡ ಕುಂಡ ಕೊಡ್ತೀನಿ. ನಿನ್ನ ಮರಕ್ಕೆ ಏನು ಕೊಡ್ತೀಯಾ?"

ಅಪ್ಪ ದೋಸೆ ಮಗುಚುತ್ತ ನಕ್ಕರು. "ಮರ ಬಿದ್ರೆ ನಿನ್ನ ಹತ್ರವೇ ಒಂದು ಗಿಡ ತಕೊಳ್ತೇನೆ ಮಾರಾಯ. ಅದಕ್ಕೇ ಅಲ್ವಾ ಹೆದರಿಸೋದು?"

ಗಿರಾಕಿಗಳೂ ನಕ್ಕರು. ದಾದು ನಗಲಿಲ್ಲ. "ಮೇಲೆ ಎಷ್ಟು ಹರಡಿದೆ ನೋಡು. ಕೆಳಗೂ ಅಷ್ಟಗಲ ಮಣ್ಣು ಸಿಗಬೇಕು. ಇವತ್ತು ಕಾಲಬೈಶಾಖಿ ಬರುತ್ತೆ. ಕಟ್ಟೆ ಮೇಲೆ ಯಾರನ್ನೂ ಕೂರಿಸಬೇಡ." ಕಾಲಬೈಶಾಖಿ ಅಂದರೆ ಇಲ್ಲಿಯ ಬೇಸಿಗೆಯ ಬಿರುಗಾಳಿ.

"ಹೌದಪ್ಪ," ಎಂದಳು ಅಕ್ಕ. "ಇವತ್ತೊಂದು ದಿನ ಒಳಗೇ ಕೂರಿಸುವ."

"ಒಳಗೆ ಎಲ್ಲಿ? ನಿನ್ನ ತಲೆ ಮೇಲಾ? ನಾಳೆ ಒಡೆಸ್ತೇನೆ, ಆಯ್ತಾ? ಚಟ್ನಿ ಕೊಡು."

ಸಂಜೆ ನಾಲ್ಕೂವರೆಗೆ ವಾಯವ್ಯದ ಕಡೆ ಆಕಾಶ ದೋಸೆ ಕಾವಲಿಯಂತೆ ಕಪ್ಪಾಯಿತು. ಧೂಳು ಎದ್ದಿತು. ಅಂಗಡಿಗಳ ಶಟರು ಬಡಿದುಕೊಂಡವು. ಕಟ್ಟೆಯ ಮೇಲಿದ್ದವರು ತಟ್ಟೆ ಅಲ್ಲೇ ಬಿಟ್ಟು ಒಳಗೆ ನುಗ್ಗಿದರು. ಸ್ಟೀಲು ತಟ್ಟೆಗಳು ಒಂದೊಂದಾಗಿ ರಸ್ತೆಗೆ ಹಾರತೊಡಗಿದವು.

"ತಟ್ಟೆ! ತಟ್ಟೆ ತೆಗಿಯೋ!" ಎಂದು ಅಪ್ಪ ಕೂಗಿದರು. ಕೂಗಿದ್ದು ನನಗೆ. ನನಗೆ ಹೆದರಿಕೆಯಾಗಿ ಬಾಗಿಲ ಹಿಂದೆ ನಿಂತೆ. ಅಕ್ಕ ಹೋದಳು.

ಕೊಂಬೆ ಮುರಿದ ಸದ್ದು ಬರಲಿಲ್ಲ. ನೆಲದೊಳಗಿಂದ ಗೋಣಿಚೀಲ ಹರಿದಂತೆ ಸದ್ದು ಬಂತು. ಕಟ್ಟೆಯ ಒಂದು ಬದಿ ಮುಚ್ಚಳದಂತೆ ಎದ್ದಿತು. ಅಕ್ಕ ಜಾರಿದಳು. ಅವಳ ಕಾಲ ಮೇಲೆ ಕಾಂಡ ಬಿತ್ತು. ಆಮೇಲೆ ಮಳೆ ಸುರಿಯಿತು. ಅಪ್ಪ, ದಾದು, ಗಿರಾಕಿಗಳು ಸೇರಿ ಕಬ್ಬಿಣದ ಪೈಪು ಕೊಟ್ಟು ಮರ ಎತ್ತಿದರು. ಅಕ್ಕ ಕಿರುಚಲಿಲ್ಲ. ಅವಳ ಮುಖದ ತುಂಬ ಕೆಂಪು ಎಸಳು ಅಂಟಿತ್ತು. "ಅಪ್ಪ, ನನ್ನ ಇನ್ನೊಂದು ಚಪ್ಪಲಿ ಎಲ್ಲಿ?" ಎಂದು ಕೇಳಿದಳು. ಆ ರಾತ್ರಿಯೇ ಆಸ್ಪತ್ರೆಯಲ್ಲಿ ಮೊಣಕಾಲ ಕೆಳಗೆ ಕತ್ತರಿಸಿದರು.

ಮಾರನೇ ಬೆಳಿಗ್ಗೆ ಅಪ್ಪನೂ ನಾನೂ ಮರದ ಬುಡ ನೋಡಿದೆವು. ಅಷ್ಟು ದೊಡ್ಡ ಮರಕ್ಕೆ ನಮ್ಮ ಒಂದು ಮೇಜಿನಷ್ಟಗಲ ಬೇರು. ಮೋರಿಯ ಗೋಡೆಗೆ ತಾಗಿ ಹಿಂದಕ್ಕೆ ತಿರುಗಿ ತನ್ನನ್ನೇ ಸುತ್ತಿಕೊಂಡಿತ್ತು. ರಸ್ತೆಯ ಕಡೆ ನಾಲ್ಕು ಕಪ್ಪು ಮೋಟುಗಳು. ಅಪ್ಪ ಒಂದನ್ನು ಹಿಡಿದರು. ನೆನೆದ ರಸ್ಕಿನಂತೆ ಕೈಯಲ್ಲೇ ಪುಡಿಯಾಯಿತು. ದಾದು ಪಕ್ಕದಲ್ಲೇ ನಿಂತಿದ್ದ. ಅಪ್ಪ ಸಾಯುವ ತನಕ ಆ ದಿನದ ಮಾತು ಎತ್ತಲಿಲ್ಲ.

ನಾವು ಬೀದಿಯ ಧೂಳಿನಲ್ಲಿ ಆಡಿದವರು. ನೀವು ನ್ಯೂ ಟೌನಿನಲ್ಲಿ ಹನ್ನೊಂದನೇ ಮಹಡಿಯವರು. ಆಡಲು ಗೇಟಿನೊಳಗೇ ತೋಟ, ಕಾವಲಿಗೆ ಜನ, ಕಾಲಿಗೆ ಮೆತ್ತನೆಯ ಹುಲ್ಲು. ಹೋದ ಭಾನುವಾರ ಅಲ್ಲಿ ನೀವು ನೆಟ್ಟ ಗುಲ್‌ಮೊಹರ್ ಗಿಡ ತೋರಿಸಿದಿರಿ. "ಮಾಮ, ಇದು ಎಷ್ಟು ದೊಡ್ಡದಾಗುತ್ತೆ?" ಎಂದು ಕೇಳಿದಿರಿ. ನಾನು ಒಂದು ಸರಳು ತಂದು ಗಿಡದ ಪಕ್ಕ ಮಣ್ಣಿಗೆ ಚುಚ್ಚಿದೆ. ಒಂದು ಮೊಳ ಇಳಿದು ಟಣ್ ಎಂದಿತು. ಕೆಳಗೆ ಕಾಂಕ್ರೀಟು, ಅದರ ಕೆಳಗೆ ನಿಮ್ಮ ಕಾರುಗಳು.

ಅಕ್ಕನಿಗೂ ಆ ಸದ್ದು ಕೇಳಿತು. ಇಲ್ಲಿ ಬೇಡ, ಕೀಳಿ ಎಂದಳು. ನೀವು ಅತ್ತಿರಿ, ಅವಳು ಕೆಟ್ಟವಳು ಎಂದಿರಿ. ಇವತ್ತಿಗೂ ಅವಳ ಜೊತೆ ಸರಿಯಾಗಿ ಮಾತಾಡುತ್ತಿಲ್ಲ. ಅದಕ್ಕೇ ಇದನ್ನು ಬರೆದೆ. ಗಿಡವನ್ನು ಅವಳೇ ಕಿತ್ತಳು. ಅದಕ್ಕಾಗಿ ನೆಲಕ್ಕೆ ಕೂರಲು ಅವಳಿಗೆ ಎಷ್ಟು ಹೊತ್ತು ಹಿಡಿಯಿತು ಎಂದು ನೀವು ನೋಡಿದ್ದೀರಿ.