ಹಲಗೆಯ ಬುಡಕ್ಕೆ ಬಿದ್ದ ಬಂದೇಅಲಿಯ ಪರ್ಸಿ

ಶಹಾಬಾದದಲ್ಲಿ ಪರ್ಸಿಕಲ್ಲು ಹಾಸುವ ಬಂದೇಅಲಿಯನ್ನು ಅರಿಯದವರಿಲ್ಲ. ಕಲ್ಲಿನ ಮೈ ತಟ್ಟಿ ನೋಡಿ, ಇದು ಅಡುಗೆಮನೆಗೆ, ಇದು ಅಂಗಳಕ್ಕೆ ಎಂದು ಹೇಳುವ ಆಸಾಮಿ. ಲೀಲಾಬಾಯಿಯ ಹಳೇ ಮನೆಯ ಪಡಸಾಲೆಗೆ ಕಲ್ಲು ಹಾಸಿದವನೂ ಅವನೇ. ಬಾಗಿಲಲ್ಲಿ ಒಂದು ತಂಬಿಗೆ ನೀರು ಚೆಲ್ಲಿದರೆ, ಯಾರ ಹಂಗೂ ಇಲ್ಲದೆ ಹರಿದು ಮೋರಿ ಸೇರುವಂಥ ಇಳಿಜಾರು. ಅದನ್ನು ಹೊಗಳಿಸಿಕೊಳ್ಳುವ ಸಲುವಾಗಿಯೇ ಅವನು ಆ ಓಣಿಯಲ್ಲಿ ಹಾಯುತ್ತಿದ್ದ. ಲೀಲಾಬಾಯಿ ಬೇಸರಿಸದೆ ಹೊಗಳಿ ಚಹಾ ಕೊಡುತ್ತಿದ್ದಳು.

ಈಚೆಗೆ ಕಲ್ಲಿನ ಥಂಡಿಗೆ ಆಕೆಯ ಮೊಣಕಾಲು ಹಿಡಿಯತೊಡಗಿದವು. ನೆಲಕ್ಕೆ ಲ್ಯಾಮಿನೇಟ್ ಹಲಗೆ ಹಾಕಿಸಲು ವಾಡಿಯಿಂದ ದಿಲೀಪನನ್ನು ಕರೆಸಿದಳು. ಅವನು ಉದ್ದನೆಯ ಪಟ್ಟಿಯನ್ನು ಕಲ್ಲುನೆಲದ ಮೇಲೆ ಅಡ್ಡ ಇಟ್ಟು ಬಗ್ಗಿ ನೋಡಿದ.

"ಬಾಯಾರ, ಇದರ ಬುಡಕ ಬೆರಳ ಹೋಗ್ತದ ನೋಡ್ರಿ. ಉಬ್ಬು ಕೆತ್ತಿ, ತಗ್ಗು ತುಂಬಿ ಸಪಾಟ ಮಾಡದಿದ್ರ ಹಲಗಿ ನಿಂದರಂಗಿಲ್ಲ."

ಲೀಲಾಬಾಯಿ ಬಂದೇಅಲಿಗೆ ಹೇಳಿಕಳಿಸಿದಳು. "ನೀನೇ ಹಾಸಿದ್ದಪಾ, ನೀನೇ ಸಪಾಟ ಮಾಡಿಕೊಡು."

ತನ್ನ ಇಳಿಜಾರನ್ನು ತಾನೇ ಅಳಿಸುವ ಕೆಲಸ. ಬೇರೆಯವರು ಅದಕ್ಕೆ ಉಳಿ ಹಚ್ಚುವುದನ್ನು ನೋಡಲಾರದೆ ಒಪ್ಪಿಕೊಂಡ. ಆದರೆ ಈ ಸಲ ಚಹಾದ ಕಪ್ಪು, ಮಂಡಕ್ಕಿ ಸುಸಲಾದ ತಾಟು ಮೊದಲು ದಿಲೀಪನ ಮುಂದೆ ಬಂದವು.

"ದಿಲೀಪನ ಕೈ ಎಷ್ಟು ನಾಜೂಕ ಅದ ನೋಡು, ಬಂದೇಅಲಿ" ಎಂದಳು ಲೀಲಾಬಾಯಿ.

"ಒಂದರಾಗ ಒಂದು ಸಿಗಸೋದಕ್ಕ ಕೈ ಯಾಕ ಬೇಕ್ರಿ? ಹುಡುಗರ ಆಟಿಗಿ ಇದ್ದಂಗ."

ದಿಲೀಪ ನಕ್ಕ. "ಖರೇ ಅದ ಚಾಚಾ. ಕಷ್ಟದ್ದೆಲ್ಲ ನಿಮ್ಮ ಪಾಲಿಗೇ ಬಂದದ."

ಅವನು ಸಿಟ್ಟಾಗಿದ್ದರೆ ಬಂದೇಅಲಿಗೆ ತಂಪೆನಿಸುತ್ತಿತ್ತು. ನಕ್ಕದ್ದಕ್ಕೆ ಮೈಯೆಲ್ಲ ಉರಿಯಿತು. ಆ ಮಧ್ಯಾಹ್ನ ದೇವರ ಕೋಣೆಯ ಮುಂದಿನ ತಗ್ಗಿಗೆ ಒಣ ಉಸುಕು ಸುರಿದು, ಮೇಲೆ ತೆಳ್ಳಗೆ ಸಿಮೆಂಟು ಬಳಿದ. ಹಲಗೆ ಕುಸಿಯಲಿ, ದಿಲೀಪನ ಹೆಸರು ಕೆಡಲಿ.

ಸಿಮೆಂಟು ಒಣಗಿತು, ಹಲಗೆ ಕೂತವು. ಕಡೆಯ ದಿನ ಬಂದೇಅಲಿ ಸಾಮಾನು ಒಯ್ಯುವ ನೆವದಲ್ಲಿ ಬಂದು ಕಟ್ಟೆಯ ಮೇಲೆ ಕೂತ. ಲೀಲಾಬಾಯಿ ಬರಿಗಾಲಲ್ಲಿ ನಡೆದು ನೋಡಿದಳು. ದೇವರ ಕೋಣೆಯ ಮುಂದೆ ಟಕ್ಕೆಂದಿತು. ಹಿಂದೆ ಸರಿದು ಮತ್ತೆ ತುಳಿದಳು. ಮತ್ತೆ ಟಕ್.

ದಿಲೀಪ ಹಲಗೆ ಬಿಚ್ಚಿ ಒತ್ತಿದ. ಸಿಮೆಂಟಿನ ಪದರು ಒಡೆದು ಹೆಬ್ಬೆರಳು ಉಸುಕಿಗಿಳಿಯಿತು. ಒಮ್ಮೆ ಕಟ್ಟೆಯ ಕಡೆ ನೋಡಿದ.

"ನಂದೇ ತಪ್ಪರಿ ಬಾಯಾರ. ಹಲಗಿ ಸರಿ ಕೂಡಿಸಿಲ್ಲ."

"ತಪ್ಪು ಒಪ್ಪಿಕೊಳ್ಳೋರು ಈಗೆಲ್ಲಿ ಸಿಗ್ತಾರಪಾ" ಎಂದಳಾಕೆ, ಭಾಳ ಮೆಚ್ಚಿ.

ಬೈಗುಳ ಬೀಳಬೇಕಾದ ಕಡೆ ಹೊಗಳಿಕೆ ಬಿತ್ತು. ಅದೂ ದಿಲೀಪನಿಗೇ. ಬಂದೇಅಲಿಗೆ ಕೂತಲ್ಲಿ ಕೂರಲಾಗಲಿಲ್ಲ.

"ಅವನದೇನ ತಪ್ಪಿಲ್ರಿ. ಒಣ ಉಸುಕು ತುಂಬಿದವ ನಾನು. ಬೇಕಂತ ತುಂಬೀನಿ."

"ಯಾಕ?"

"ಹೊಟ್ಟಿ ಉರೀತ್ರಿ."

ಲೀಲಾಬಾಯಿ ಅಡುಗೆಮನೆಯತ್ತ ಹೊರಟಳು. "ಉರಿಯೋ ಹೊಟ್ಟಿ ಹೊತ್ತುಕೊಂಡು ನನ್ನ ನೆಲ ಮುಟ್ಟಬ್ಯಾಡ. ಮೊದಲ ಏನರೆ ತಿನ್ನು. ಆಮ್ಯಾಲ ಆ ಉಸುಕು ತಗದು ತುಂಬು."

ಬಂದೇಅಲಿ ಉಸುಕೆಲ್ಲ ಬಳಿದು ತೆಗೆದು, ಗಟ್ಟಿ ಸಿಮೆಂಟು ಕಲಸಿ, ಕರಣಿಯಿಂದ ಎಳೆದೆಳೆದು ಸಾಪು ಮಾಡಿದ. ಅದು ಬಿಗಿದ ಮೇಲೆ ದಿಲೀಪ ಅಂಗೈ ಆಡಿಸಿ ನೋಡಿದ.

"ಭಾಳ ಛಲೋ ಕುಂತದ ಚಾಚಾ."

ಇವನ ಬಾಯಿಂದ ಹೇಳಿಸಿಕೊಳ್ಳುವಂತಾಯಿತಲ್ಲ ಎಂದು ಬಂದೇಅಲಿಗೆ ಒಳಗೆ ಚುರ್ರೆಂದಿತು. ಕರಣಿ ಒರೆಸುತ್ತ ಅತ್ತ ಮುಖ ತಿರುಗಿಸಿದ.

"ಆ ಮೂಲ್ಯಾಗೂ ಕೈ ಆಡಿಸಿ ನೋಡು" ಎಂದ.