ನೆರಳಿನಲ್ಲಿಟ್ಟ ತಂಗಡಿ

ದನ ಬಾಯಿ ಹಾಕದ ಗಿಡವನ್ನು ನಾನು ನಂಬುವುದಿಲ್ಲ. ದನಕ್ಕೆ ಓದು ಬರುವುದಿಲ್ಲ, ಅದು ಯಾರ ಹೊಗಳಿಕೆಯನ್ನೂ ಕೇಳುವುದಿಲ್ಲ. ಮೂಸಿ ನೋಡಿ ಮುಖ ತಿರುಗಿಸಿತು ಎಂದರೆ ಅದಕ್ಕೊಂದು ಕಾರಣವಿರುತ್ತದೆ. ನಮ್ಮ ಗೇಟಿನ ಪಕ್ಕದ ತಂಗಡಿಯನ್ನು ದನವೂ ಮುಟ್ಟುವುದಿಲ್ಲ, ಆಡೂ ಮುಟ್ಟುವುದಿಲ್ಲ. ಆಡು ಮುಟ್ಟದ ಸೊಪ್ಪಿಲ್ಲ ಎಂದು ಗಾದೆ ಮಾಡಿದವರು ತಂಗಡಿಯ ಪಕ್ಕದಲ್ಲಿ ಆಡು ಕಾದವರಲ್ಲ. ಇಷ್ಟೆಲ್ಲ ಹೇಳಿ, ಆ ಗಿಡವನ್ನು ನೆಟ್ಟವಳು ಯಾರು ಎಂದು ಕೇಳಿದರೆ, ನಾನೇ.

ತಂಗಡಿಯನ್ನು ಆವರಿಕೆ ಎಂದರೆ ಕೆಲವರಿಗೆ ಬೇಗ ತಿಳಿಯುತ್ತದೆ. ಎದೆಯೆತ್ತರದ ಪೊದೆ, ಹುಣಸೆ ಸೊಪ್ಪನ್ನು ಸ್ವಲ್ಪ ದೊಡ್ಡದು ಮಾಡಿದಂಥ ಎಲೆ, ಕೊಂಬೆಯ ತುದಿತುದಿಗೆ ಅರಿಶಿನ ಕಲಸಿ ಮೆತ್ತಿದಂಥ ಹೂ. ನಮ್ಮವರು ಅರಕಲಗೂಡು ಕಡೆಯಿಂದ ಕುಶಾಲನಗರದ ಈಚೆಗೆ ಜಮೀನು ಮಾಡಿಕೊಂಡು ಬಂದವರು. ಅಲ್ಲಿ ಈ ಗಿಡ ಯಾರೂ ಕರೆಯದೆ ರಸ್ತೆ ಬದಿಯಲ್ಲಿ ನಿಂತಿರುತ್ತದೆ. ಇಲ್ಲಿ ಇರಲಿಲ್ಲ. ದೀಪಾವಳಿಯಲ್ಲಿ ನಾವು ಸಗಣಿಯ ಉಂಡೆ ಮಾಡಿ ಹೊಸ್ತಿಲಿಗೆ, ಬಾವಿಕಟ್ಟೆಗೆ, ತಿಪ್ಪೆಗೆ ಇಟ್ಟು, ಅದರ ನೆತ್ತಿಗೆ ತಂಗಡಿ ಹೂ ಸಿಕ್ಕಿಸುತ್ತೇವೆ. ನಾನು ಬಂದ ಮೊದಲ ವರ್ಷ ಚೆಂಡುಹೂ ಸಿಕ್ಕಿಸಿದೆ. ನಮ್ಮತ್ತೆ ನೋಡಿ, ‘ತಿಪ್ಪೆಗೂ ಮೋಸ ಮಾಡ್ತೀಯಲ್ಲೇ’ ಎಂದರು. ಮುಂದಿನ ಸಲ ತವರಿಗೆ ಹೋದಾಗ ಸೆರಗಿನ ಗಂಟಿನಲ್ಲಿ ಬೀಜ ತಂದೆ. ಪ್ರೀತಿಯಿಂದ ತಂದದ್ದಲ್ಲ, ಅತ್ತೆಯ ಬಾಯಿ ಮುಚ್ಚಿಸಲು ತಂದದ್ದು. ಹಾಗೆ ತಂದ ಗಿಡಗಳು ಚೆನ್ನಾಗಿ ಬರುತ್ತವೆ.

ಬೆಳೆಸುವುದು ಕಷ್ಟವಿಲ್ಲ, ಸುಮ್ಮನಿರುವುದು ಕಷ್ಟ. ಬೀಜದ ಸಿಪ್ಪೆ ಗಟ್ಟಿ. ಕಲ್ಲಿಗೆ ತಿಕ್ಕಿ ಬಿಸಿನೀರಿನಲ್ಲಿ ಒಂದು ರಾತ್ರಿ ಬಿಡಬೇಕು. ಗೊಬ್ಬರ ಬೇಡ. ನೀರು ನಿಲ್ಲಬಾರದು. ಕೊಡಗಿನ ಮಳೆಗೆ ಅದರ ಬುಡ ಕೊಳೆಯುತ್ತದೆಂದು ನಾನು ಮನೆ ಕಟ್ಟಿ ಉಳಿದ ಜಲ್ಲಿಯ ಗುಡ್ಡೆಯ ಮೇಲೆಯೇ ನೆಟ್ಟೆ. ಉಳಿದದ್ದು ಬಿಸಿಲಿನ ಕೆಲಸ. ಬೆಳಿಗ್ಗೆಯಿಂದ ಸಂಜೆಯವರೆಗೆ ನೆತ್ತಿಗೆ ಬಿಸಿಲು ಬೀಳಬೇಕು. ಅರ್ಧ ದಿನದ ಬಿಸಿಲು ಕೊಟ್ಟರೆ ಎಲೆ ಬಿಟ್ಟುಕೊಂಡು ಕೂರುತ್ತದೆ, ಹೂ ಬಿಡುವುದಿಲ್ಲ. ಹೂ ಮುಗಿದ ಮೇಲೆ ಕತ್ತಿಯಿಂದ ಮೊಣಕಾಲೆತ್ತರಕ್ಕೆ ಸವರಬೇಕು. ದಯೆ ತೋರಿಸಿದರೆ ಕಡ್ಡಿಯಾಗುತ್ತದೆ.

ಉಪಯೋಗ ಕೇಳಿದರೆ ಬೇಕಾದಷ್ಟಿದೆ. ಕಡ್ಡಿಯಲ್ಲಿ ಹಲ್ಲುಜ್ಜಬಹುದು. ಬೇಸಿಗೆಯಲ್ಲಿ ಉಳುವವರು ಸೊಪ್ಪನ್ನು ಪೇಟದೊಳಗೆ ಇಟ್ಟುಕೊಂಡರೆ ತಲೆ ತಂಪು. ಚರ್ಮ ಹದ ಮಾಡುವವರು ತೊಗಟೆ ಸುಲಿದು ಒಯ್ಯುತ್ತಿದ್ದರು. ಒಣಗಿದ ಹೂವನ್ನು ಕಡಲೆಹಿಟ್ಟಿಗೆ ಬೆರೆಸಿ ಮಕ್ಕಳಿಗೆ ಮೈ ತಿಕ್ಕುತ್ತಿದ್ದೆವು. ಆದರೆ ಒಂದೇ ಗಿಡ ಹಲ್ಲಿಗೂ ಸೈ, ತಲೆಗೂ ಸೈ, ಎಮ್ಮೆ ಚರ್ಮಕ್ಕೂ ಸೈ ಎಂದರೆ ನನಗೆ ಹೇಗೋ ಆಗುತ್ತದೆ. ಎಲ್ಲ ಕೆಲಸಕ್ಕೂ ಬರುತ್ತೇನೆ ಎನ್ನುವ ಆಳನ್ನು ನಾನು ಯಾವತ್ತೂ ಕೆಲಸಕ್ಕೆ ಇಟ್ಟುಕೊಂಡವಳಲ್ಲ.

ಈಚೆಗೆ ಇದಕ್ಕೆ ಇನ್ನೊಂದು ಉಪಯೋಗ ಹುಟ್ಟಿದೆ, ಫೋಟೋ. ಚೆಟ್ಟಳ್ಳಿ ಕಡೆಗೆ ಹೋಗುವ ಕಾರುಗಳು ನಮ್ಮ ಗೇಟಿನ ಮುಂದೆ ನಿಲ್ಲುತ್ತವೆ. ಹುಡುಗಿಯರು ಇಳಿದು ಹೂವಿಗೆ ಕೆನ್ನೆ ತಾಗಿಸಿ ನಿಲ್ಲುತ್ತಾರೆ. ಇದನ್ನು ಏತಕ್ಕೆ ಬಳಸುತ್ತೀರಿ ಎಂದು ಒಬ್ಬಳು ಕೇಳಿದಳು. ತಿಪ್ಪೆಗೆ ಎಂದೆ. ಕೆನ್ನೆ ಹಿಂದಕ್ಕೆ ಹೋಯಿತು.

ಕಾರಿನವರು ಹೋಗಿಬಿಡುತ್ತಾರೆ. ಮುದ್ದವ್ವ ಎಲ್ಲಿಗೂ ಹೋಗುವುದಿಲ್ಲ. ಅವಳು ರಸ್ತೆಯ ಮೇಲ್ಭಾಗದ ಕಾಫಿ ತೋಟದವಳು, ಕೊಡವರ ಹೆಂಗಸು, ನನ್ನ ವಯಸ್ಸಿನವಳು. ಅವಳದು ನೆರಳು, ನನ್ನದು ಬಯಲು; ನಡುವೆ ರಸ್ತೆ. ಇಬ್ಬರಿಗೂ ಸಕ್ಕರೆ ಕಾಯಿಲೆ, ಇಬ್ಬರಿಗೂ ಒಂದೇ ಆಸ್ಪತ್ರೆಯ ಸಾಲು. ನಮ್ಮ ಸ್ನೇಹ ಆ ಸಾಲಿನಲ್ಲಿ ಜಗಳವಾಡಿ ಬೆಳೆದದ್ದು. ಎರಡು ವರ್ಷದ ಹಿಂದೆ ಅವಳು ಬಂದು ಬೀಜ ಕೇಳಿದಳು.

‘ಏನಕ್ಕೆ?’ ಎಂದೆ.

‘ಎಂತ ಏನಕ್ಕೆ? ಚಂದಕ್ಕೆ.’

ಮುದ್ದವ್ವ ಚಂದಕ್ಕೆಂದು ಏನನ್ನೂ ಮಾಡಿದವಳಲ್ಲ. ಆದರೂ ಕೊಟ್ಟೆ.

ಅವಳು ಆ ಬೀಜವನ್ನು ಸಾಕಿದ್ದು ಕೇಳಿದರೆ ನೀವು ನಗುತ್ತೀರಿ. ಕಾಡುಮಣ್ಣು ಜರಡಿ ಹಿಡಿದು, ಗೊಬ್ಬರ ಬೆರೆಸಿ, ಪ್ಲಾಸ್ಟಿಕ್ ತೊಟ್ಟೆಯಲ್ಲಿ ತುಂಬಿ, ಮೇಲೆ ಸೋಗೆಯ ಚಪ್ಪರ ಹಾಕಿದಳು. ಮಳೆ ಹಿಡಿದ ಮೇಲೆ ಮನೆಯ ಹಿಂದಿನ ಅತ್ತಿ ಮರದ ಕೆಳಗೆ ಗುಂಡಿ ತೆಗೆಸಿ ನೆಟ್ಟು, ಬುಡಕ್ಕೆ ತರಗೆಲೆ ಹೊದಿಸಿದಳು. ಅವಳನ್ನು ದೂರಿ ಪ್ರಯೋಜನವಿಲ್ಲ. ಕಾಫಿಯವರಿಗೆ ಬಿಸಿಲು ಎಂದರೆ ಕಣ, ಹಣ್ಣು ಒಣಗಿಸುವ ಜಾಗ. ಜೀವ ಉಳಿಯಬೇಕಾದದ್ದನ್ನು ಅವರು ನೆರಳಲ್ಲಿಡುತ್ತಾರೆ. ತಂಗಡಿ ಆ ಉಪಚಾರಕ್ಕೆ ಉದ್ದಕ್ಕೆ ಬೆಳೆಯಿತು, ಹಸಿರಾಯಿತು, ಒಂದು ಮೊಗ್ಗೂ ಬಿಡಲಿಲ್ಲ.

ಹೋದ ವರ್ಷ ಮಳೆ ಮುಗಿದ ಮೇಲೆ ಗೇಟಿನ ಹತ್ತಿರ ಬಂದು ನಿಂತಳು. ‘ಸತ್ಯ ಹೇಳು ತಾಯಮ್ಮ. ಗಂಡು ಗಿಡದ ಬೀಜ ಕೊಟ್ಟದ್ದಲ್ವ ನೀನು?’

‘ಪರಂಗಿ ಮರವೇನೇ ಇದು, ಗಂಡು ಹೆಣ್ಣು ಇರಾಕೆ?’

‘ಮತ್ತೆ ಯಾಕೆ ಹೂ ಬರ್ಲಿಲ್ಲ? ನಾನು ಕಾದು ಕೂತಿದ್ದೇನೆ. ಹೂ ಬಂದ ದಿನ ಮಾತ್ರೆ ಬಂದ್. ಫೋನಿನ ವಿಡಿಯೋದಲ್ಲಿ ಒಬ್ಳು ಹೇಳಿದ್ದಾಳೆ, ಈ ಹೂವಿನ ನೀರು ಕುಡಿದ್ರೆ ಶುಗರ್ ಇಳೀತದೆ ಅಂತ.’

ಬಿಸಿಲು ಬೇಕು ಕಣೇ ಎನ್ನುವ ಮಾತು ನನ್ನ ನಾಲಿಗೆಯ ಮೇಲೆ ಬಂದಿತ್ತು. ಅದನ್ನು ಹಾಗೆಯೇ ನುಂಗಿದೆ. ಆ ಅತ್ತಿ ಮರದ ನೆರಳು ನೂರು ಕಾಲ ಇರಲಿ ಎಂದುಕೊಂಡೆ.

ಹೂವಿನ ನೀರಿನಲ್ಲಿ ಏನೂ ಇಲ್ಲವೆಂದು ನಾನು ಹೇಳುತ್ತಿಲ್ಲ. ಇರಬಹುದು, ನನಗೆ ಗೊತ್ತಿಲ್ಲ. ಫೋನಿನೊಳಗಿನವಳಿಗೂ ಗೊತ್ತಿಲ್ಲ, ಆದರೆ ತನಗೆ ಗೊತ್ತಿಲ್ಲ ಎನ್ನುವುದು ಅವಳಿಗೆ ಗೊತ್ತಿಲ್ಲ. ತಂಗಡಿಯ ನಡುವೆಯೇ ಹುಟ್ಟಿ, ಅದರ ಕಡ್ಡಿಯಲ್ಲೇ ಹಲ್ಲುಜ್ಜಿದ ನಮ್ಮೆಜಮಾನರಿಗೇ ಸಕ್ಕರೆ ಕಾಯಿಲೆ ಬಂದಿತ್ತು. ಗಿಡ ಆಗ ಏನು ಮಾಡುತ್ತಿತ್ತು?

ಅವಳ ಗಿಡ ಹೂ ಬಿಡದಿದ್ದರೆ ನನ್ನ ಗಿಡವಿದೆಯಲ್ಲ. ದೀಪಾವಳಿ ಹತ್ತಿರವಾಗುತ್ತಿದ್ದಂತೆ ಅದು ಹಾಳಾದ್ದು ಬುಡದಿಂದ ತುದಿಯವರೆಗೆ ಹಳದಿಯಾಗಿ, ರಸ್ತೆಗೆಲ್ಲ ಕಾಣುವಂತೆ ನಿಂತಿತು. ಬೆಳಕು ಹರಿಯುವ ಮೊದಲೇ ಎದ್ದು ಹೂವೆಲ್ಲ ಬಿಡಿಸಿ ದನದ ಕೊಟ್ಟಿಗೆಯ ಅಟ್ಟಕ್ಕೆ ಹಾಕತೊಡಗಿದೆ. ಮುದ್ದವ್ವ ಬುಟ್ಟಿ ಹಿಡಿದು ಬಂದಳು.

‘ಎಂತ ಮಾರಾಯ್ತಿ, ನಿನ್ನೆ ರೋಡಿಂದ ನೋಡ್ವಾಗ ಗಿಡ ತುಂಬ ಇತ್ತಲ್ವ?’

‘ಹುಳ ಬಿದ್ದದೆ.’

‘ಹುಳ ಗಿಡಕ್ಕಲ್ಲ ಬಿದ್ದದ್ದು. ನಿನ್ನ ಹೊಟ್ಟೆಗೆ.’

ಅಂಗಡಿಯಲ್ಲಿ, ಹಾಲಿನ ಡೇರಿಯಲ್ಲಿ, ಆಸ್ಪತ್ರೆಯ ಸಾಲಿನಲ್ಲಿ ಅವಳು ಇದನ್ನೇ ಹೇಳಿಕೊಂಡು ಬಂದಳು: ಬಯಲಿನವರು ಬಾವಿ ನೀರನ್ನಾದರೂ ಕೊಡುತ್ತಾರೆ, ಹೂ ಕೊಡುವುದಿಲ್ಲ. ನಾನು ಬೇಸರ ಮಾಡಿಕೊಳ್ಳಲಿಲ್ಲ. ಜಿಪುಣಿ ಎನ್ನಿಸಿಕೊಂಡರೆ ಮೈಮೇಲೆ ಗಾಯವೇನೂ ಆಗುವುದಿಲ್ಲ.

ಗಾಯ ಬೇರೆ ಕಡೆ ಆಯಿತು. ಕಾಫಿ ಪಿಕಿಂಗ್ ನಡೆಯುವಾಗ ಮುದ್ದವ್ವ ರಸ್ತೆ ದಾಟುತ್ತಿದ್ದಳು. ಎಡಗಾಲಿನ ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು, ಬಟ್ಟೆ ಒದ್ದೆಯಾಗಿತ್ತು. ಏನಾಯಿತು ಎಂದು ಕೂಗಿ ಕೇಳಿದೆ. ಕಾಫಿ ಗಿಡದ ಬುಡಕ್ಕೆ ಎಡವಿದ್ದು, ಬಹಳ ದಿನವಾಯಿತು ಎಂದಳು.

‘ನೋಯಲ್ವ?’

‘ಸ್ವಲ್ಪ ಕೂಡ ನೋಯಲ್ಲ,’ ಎಂದಳು ಹೆಮ್ಮೆಯಿಂದ.

ನೋಯುತ್ತದೆ ಎಂದಿದ್ದರೆ ನಾನು ಸುಮ್ಮನಿರುತ್ತಿದ್ದೆ. ನಮ್ಮೆಜಮಾನರಿಗೂ ನೋಯುತ್ತಿರಲಿಲ್ಲ. ನೋಯದೆಯೇ ಬೆರಳು ಹೋಯಿತು, ಆಮೇಲೆ ಪಾದ ಹೋಯಿತು, ಆಮೇಲೆ ಅವರೇ ಹೋದರು. ನಾನು ಕೈಯಲ್ಲಿದ್ದ ಸೌದೆಯನ್ನು ಅಲ್ಲಿಯೇ ಹಾಕಿ ಅವಳ ಹಿಂದೆಯೇ ಮನೆಗೆ ನಡೆದೆ. ಎಷ್ಟೋ ತಿಂಗಳ ಮೇಲೆ ಆ ಮೆಟ್ಟಿಲು ಹತ್ತಿದ್ದು.

‘ಮಾತ್ರೆ ಎಲ್ಲಿ?’

‘ನಿಂಗೆ ಯಾಕೆ?’

‘ಎಲ್ಲಿ ಅಂದೆ.’

ಮಾತ್ರೆ ಪೆಟ್ಟಿಗೆಯಲ್ಲಿ ಬೆಚ್ಚಗೆ ಮಲಗಿತ್ತು. ಒಲೆಯ ಪಕ್ಕದಲ್ಲಿ ಒಂದು ಪ್ಯಾಕೆಟ್. ನಾನು ಹೂ ಕೊಡಲಿಲ್ಲವೆಂದು ಸಂತೆಯಲ್ಲಿ ಕೊಂಡು ತಂದದ್ದಂತೆ, ಒಣ ತಂಗಡಿ ಹೂ. ದಿನಾ ಅದನ್ನೇ ಕುದಿಸಿ ಕುಡಿಯುತ್ತಿದ್ದಳು. ಬಾಗಿಲು ಹಾಕಿದೆನೆಂದು ನಾನು ನೆಮ್ಮದಿಯಾಗಿದ್ದೆ, ಅವಳು ಕಿಟಕಿಯಿಂದ ಹೊರಟುಹೋಗಿದ್ದಳು. ಪ್ಯಾಕೆಟ್ಟಿನಿಂದ ಒಂದು ಹಿಡಿ ತೆಗೆದು ಬೆಳಕಿಗೆ ತಂದು ಉಜ್ಜಿ ನೋಡಿದೆ. ಅರ್ಧಕ್ಕಿಂತ ಹೆಚ್ಚು ಚೆಂಡುಹೂವಿನ ಎಸಳು. ಉಳಿದದ್ದು ಏನೆಂದು ಈವರೆಗೆ ನನಗೆ ತಿಳಿದಿಲ್ಲ.

‘ಮುದ್ದವ್ವ, ಇದು ಚೆಂಡುಹೂ ಕಣೇ. ನಾವು ತಿಪ್ಪೆಗೂ ಇಡಾಕಿಲ್ಲ ಇದ್ನ.’

‘ನಿನ್ನ ಮಾತು ನಾನು ಹೇಗೆ ನಂಬಲಿ?’

‘ನಂಬಬ್ಯಾಡ. ಆಸ್ಪತ್ರೆಗೆ ಬಾ. ಅವರನ್ನೂ ನಂಬಬ್ಯಾಡ. ಕಾಲು ತೋರ್ಸು, ಸಾಕು.’

ಇದು ಅವಳಿಗೆ ಒಪ್ಪಿಗೆಯಾಯಿತು. ಯಾರನ್ನೂ ನಂಬದೆಯೂ ಆಸ್ಪತ್ರೆಗೆ ಹೋಗಬಹುದು ಎಂದು ಅವಳಿಗೆ ಅದುವರೆಗೆ ಯಾರೂ ಹೇಳಿರಲಿಲ್ಲವೆಂದು ಕಾಣುತ್ತದೆ. ಜೀಪಿನಲ್ಲಿ ಹೋದೆವು. ನರ್ಸು ಬಟ್ಟೆ ಬಿಚ್ಚಿ ನೋಡಿ ನಮ್ಮಿಬ್ಬರನ್ನೂ ಬೈದಳು, ನನ್ನನ್ನು ಏಕೆ ಬೈದಳೋ ತಿಳಿಯದು. ಡಾಕ್ಟರು ಇನ್ನು ಸ್ವಲ್ಪ ದಿನ ಬಿಟ್ಟಿದ್ದರೆ ಬೆರಳು ತೆಗೆಯಬೇಕಿತ್ತು ಎಂದರು. ಮಾತ್ರೆ ಮತ್ತೆ ಶುರುವಾಯಿತು. ಹೂವಿನ ನೀರನ್ನು ಮಾತ್ರೆಯ ಬದಲೂ ಕುಡಿಯಬಾರದು, ಮಾತ್ರೆಯ ಜೊತೆಗೂ ತಮ್ಮನ್ನು ಕೇಳದೆ ಕುಡಿಯಬಾರದು ಎಂದರು. ಮುದ್ದವ್ವ ಹೊರಗೆ ಬಂದು, ‘ಡಾಕ್ಟ್ರಿಗೆ ನೀನು ಮೊದಲೇ ಹೇಳಿಕೊಟ್ಟದ್ದಲ್ವ?’ ಎಂದಳು.

ಅಂಥವಳ ಜೊತೆ ವ್ಯವಹಾರ ಬಾಯಿಮಾತಿನಲ್ಲಿ ಆಗುವುದಿಲ್ಲ. ನಾನು ಒಂದು ಒಪ್ಪಂದ ಮಾಡಿದೆ. ಬೆಳಿಗ್ಗೆ ತಿಂಡಿ ತಿಂದು ಮಾತ್ರೆ ಹಿಡಿದುಕೊಂಡು ನಮ್ಮ ಗೇಟಿಗೆ ಬರಬೇಕು, ನನ್ನ ಕಣ್ಣೆದುರು ನುಂಗಬೇಕು. ನುಂಗಿದರೆ ಒಂದು ಗೊಂಚಲು ಹೂ. ಕುಡಿಯಲು ಅಲ್ಲ, ಅವಳ ಮನೆಯೊಳಗೆ ಹಿರಿಯರಿಗೆಂದು ಹಚ್ಚುವ ತೂಗುದೀಪದ ಕೆಳಗೆ ಇಡಲು. ಕಾಲು ಊರಲಾಗದ ದಿನಗಳಲ್ಲಿ ನಾನೇ ಹೂ ಹಿಡಿದು ರಸ್ತೆ ದಾಟಿದೆ. ಅವಳ ಗಿಡಕ್ಕೆ ಏನು ಕಡಿಮೆ ಎನ್ನುವುದನ್ನೂ ಆಗಲೇ ಹೇಳಿದೆ.

‘ಬಿಸಿಲಾ?’ ಎಂದು ಅತ್ತಿ ಮರವನ್ನು ನೋಡಿದಳು. ‘ಕೊಂಬೆ ಕಡಿಸಿದ್ರೆ ನನ್ನ ಮೆಣಸಿನ ಬಳ್ಳಿ ಕೆಳಗೆ ಬೀಳ್ತದೆ. ನಿಂಗೆ ಅದೇ ಬೇಕಲ್ವ?’

ಆದರೂ ಕಡಿಸಿದಳು, ಬಳ್ಳಿಯಿಲ್ಲದ ಕಡೆಯ ಒಂದೇ ಕೊಂಬೆ, ಪರೀಕ್ಷೆಗೆ. ತಂಗಡಿ ಆ ಬೆಳಕಿನ ಕಡೆಗೆ ವಾಲಿ, ವಾಲಿದ ಕಡೆ ಮಾತ್ರ ನಾಲ್ಕು ಹೂ ಬಿಟ್ಟಿದೆ. ಅದನ್ನು ನೋಡಲು ನನ್ನನ್ನು ಕರೆದಳು. ಹೊಗಳುತ್ತಾಳೆಂದು ಹೋದೆ, ಇದು ನಿನ್ನ ಹೂವಿನಷ್ಟು ಹಳದಿಯಿಲ್ಲ, ಒಳ್ಳೆಯ ಬೀಜ ನೀನೇ ಇಟ್ಟುಕೊಂಡಿದ್ದೀ ಎಂದಳು.

ಹೆಬ್ಬೆರಳು ಉಳಿದಿದೆ. ಉಗುರಿಲ್ಲ, ಬಣ್ಣವೂ ಸರಿಯಿಲ್ಲ, ಆದರೆ ಇದೆ. ಈಗ ಚುಚ್ಚಿದರೆ ಸ್ವಲ್ಪ ನೋಯುತ್ತದೆ ಎಂದು ಅವಳು ದೂರು ಹೇಳುತ್ತಾಳೆ. ನಾನು ದಿನಾ ಕೇಳಿ ಸಂತೋಷಪಡುತ್ತೇನೆ.

ಮೊದಲಿಗೆ ಅವಳು ನುಂಗಿದೆ ಎಂದರೆ ನಾನು ಒಪ್ಪುತ್ತಿರಲಿಲ್ಲ. ಬಾಯಿ ತೆರೆಸುತ್ತಿದ್ದೆ, ಕೆನ್ನೆಯೊಳಗೆ ನೋಡುತ್ತಿದ್ದೆ. ದಾರಿಯಲ್ಲಿ ಹೋಗುವವರು ನಿಂತು ನೋಡಿ ನಗುತ್ತಿದ್ದರು. ನಗಲಿ. ಈ ವಯಸ್ಸಿನಲ್ಲಿ ನಮ್ಮನ್ನು ನಂಬುವವರಿಗೆ ಕೊರತೆಯಿಲ್ಲ. ‘ಮಾತ್ರೆ ತಗೊಂಡ್ರಾ?’ ಎಂದು ಕೇಳುತ್ತಾರೆ, ‘ಹೂಂ’ ಎಂದರೆ ನಂಬಿ ತಮ್ಮ ಕೆಲಸಕ್ಕೆ ಹೋಗುತ್ತಾರೆ. ಅಷ್ಟು ಸುಲಭವಾಗಿ ನಂಬುವವರು ಎಷ್ಟು ಮಂದಿಯಿದ್ದರೂ ಕಾಲಿನ ಬೆರಳು ಉಳಿಯುವುದಿಲ್ಲ.

ಮೊನ್ನೆ ಬೆಳಿಗ್ಗೆ ಮಾತ್ರೆ ನುಂಗಿ, ಹೂ ಇಸಿದುಕೊಂಡು, ಅವಳು ಹೋಗಲಿಲ್ಲ. ಗೇಟಿಗೆ ಒರಗಿಯೇ ನಿಂತಳು.

‘ಅಲ್ಲ ತಾಯಮ್ಮ, ನಿನ್ನದು?’

‘ನನ್ನದು ಆಗಲೇ ಆಯ್ತು.’

‘ಯಾರು ನೋಡಿದ್ದು?’

ಒಳಗೆ ಹೋಗಿ, ಇನ್ನೂ ನುಂಗಿರದ ಆ ದಿನದ ಮಾತ್ರೆ ತಂದೆ. ಅವಳು ಸೊಂಟದ ಚೀಲದಿಂದ ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡಳು. ನುಂಗಿ ಬಾಯಿ ತೆರೆದು ತೋರಿಸಿದೆ. ಬಹಳ ಹೊತ್ತು ನೋಡಿದಳು. ಆಮೇಲೆ, ‘ನಾಲಿಗೆ ಎತ್ತು,’ ಎಂದಳು.